ಕಿವಿ ಡಾಕ್ಟರು ಆರಿಸಿದ ಕೆಂಪು ದೀಪ

ನಮ್ಮ ಭಾವನನ್ನು ಹೆಸರು ಹಿಡಿದು ಕೇಳಿದರೆ ಪಕ್ಕದ ಬೀದಿಯವರಿಗೂ ಗೊತ್ತಾಗುವುದಿಲ್ಲ. ಕಿವಿ ಡಾಕ್ಟರು ಅನ್ನಬೇಕು. ಅವರು ನೋಡುವುದು ಮನುಷ್ಯರ ಕಿವಿಯನ್ನಲ್ಲ. ಪಾತ್ರೆ ತೊಳೆಯುವ ಮಷೀನು, ಬಟ್ಟೆ ಒಗೆಯುವ ಮಷೀನು ರಿಪೇರಿ ಮಾಡುವುದು ಅವರ ಕಸುಬು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೂತರೆಂದರೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಲ್ಲಬೇಕು. "ಪಂಪಿನ ರೆಕ್ಕೆಗೆ ಗಾಜಿನ ಚೂರು ಸಿಕ್ಕಿದೆ" ಅನ್ನುವರು. ಬಿಚ್ಚಿದರೆ ಚೂರು ಅಲ್ಲೇ ಇರುತ್ತಿತ್ತು. ಗೊತ್ತಿಲ್ಲದವರೊಬ್ಬರು ಫೋನ್ ಮಾಡಿ, "ಡಾಕ್ಟ್ರೇ, ಮಗೂಗೆ ಕಿವಿ ಸೋರ್ತಿದೆ" ಅಂದರಂತೆ. "ಮಷೀನ್ ಸೋರಿದ್ರೆ ಹೇಳಿ, ಬರ್ತೀನಿ" ಅಂದು ಇಟ್ಟರಂತೆ ನಮ್ಮ ಭಾವ.

ಮಷೀನಿನ ಮೇಲೆ ಹೊತ್ತಿಕೊಳ್ಳುವ ದೀಪಗಳನ್ನು ಕಂಡರೆ ಅವರಿಗೆ ಆಗದು. ದೀಪ ಬರೀ ಚಾಡಿ ಹೇಳುತ್ತದೆ, ಕಾಯಿಲೆ ಹೇಳುವುದಿಲ್ಲ ಎನ್ನುವರು. ಹಾಗಂತ ಯಾರಾದರೂ "ಸದ್ಯಕ್ಕೆ ಆ ದೀಪ ಒಂದು ಆರಿಸಿಕೊಡಿ ಸಾಕು" ಅಂದರೆ ಸಾಮಾನು ಕಟ್ಟಿಕೊಂಡು ಎದ್ದೇ ಬಿಡುವರು. ಸೋರುವ ಜಾಗ ಸಿಗದೆ ಯಾರ ಮನೆಯ ಮಷೀನನ್ನೂ ಮುಚ್ಚಿದವರಲ್ಲ. ಈ ಒಂದು ವಿಷಯಕ್ಕೆ ಅವರ ಮೇಲೆ ನನಗೆ ಗೌರವವಿತ್ತು. ಇತ್ತು ಅಂತಲೇ ಬರೆಯುತ್ತಿದ್ದೇನೆ.

ಆ ಕಿವಿ ಮಂದವಾಗುತ್ತಾ ಬಂತು. ಟಿವಿಯ ಸದ್ದು ಬೀದಿಗೆ ಕೇಳುವಷ್ಟಾಯಿತು. ಫೋನ್ ಬಂದರೆ "ನನ್ನ ಕೈ ಒದ್ದೆ, ನೀನೇ ಮಾತಾಡು" ಅಂತ ಅಕ್ಕನ ಕೈಗೆ ಕೊಡುವರು. ಒಂದು ಮನೆಯಲ್ಲಿ ಬೇರಿಂಗ್ ಹೋಗಿದೆ ಅಂತ ಬದಲಾಯಿಸಿದರು, ಕೆಟ್ಟಿದ್ದು ಪಂಪು. ನಾನು ಮೆಲ್ಲಗೆ, "ಭಾವ, ಒಂದ್ಸಲ ಆಸ್ಪತ್ರೆಗೆ ತೋರಿಸೋಣ" ಅಂದೆ. ಕೆಂಡಾಮಂಡಲವಾದರು. "ಕಿವಿ ಡಾಕ್ಟರಿಗೆ ಕಿವಿ ಕೇಳಲ್ಲ ಅಂತ ಊರೆಲ್ಲ ಡಂಗುರ ಹೊಡಿ ಹೋಗು" ಅಂದರು.

ಅಕ್ಕನ ಅಡುಗೆಮನೆಯಲ್ಲಿದ್ದ ಪಾತ್ರೆ ತೊಳೆಯುವ ಮಷೀನು ಯಾರೋ ಎಸೆದದ್ದು. ಸೋಪಿನ ನೀರಿಗೆ ಅಕ್ಕನ ಕೈ ಬಿರುಕುಬಿಟ್ಟು ರಕ್ತ ಬರುತ್ತಿತ್ತು. ಅದನ್ನು ನೋಡಲಾರದೆ ಭಾವ ಈ ಮಷೀನನ್ನು ಹೊತ್ತು ತಂದು, ಹಳೆಯ ಭಾಗಗಳನ್ನೆಲ್ಲ ಹುಡುಕಿ ಜೋಡಿಸಿ ಓಡಿಸಿದ್ದರು. ಒಂದು ಭಾನುವಾರ ಅದು ಅರ್ಧ ತೊಳೆದು ನಿಂತುಬಿಟ್ಟಿತು. ಕೆಂಪು ದೀಪ ಮಿಟುಕಿಸುತ್ತಿತ್ತು, ಪಂಪು ಮಾತ್ರ ನಿಲ್ಲದೆ ಗುರ್ ಅನ್ನುತ್ತಿತ್ತು.

ಟಾರ್ಚ್ ಹಿಡಿಯಲು ನಾನಿದ್ದೆ. ಭಾವ ಪ್ಲಗ್ ಕಿತ್ತು ಮಷೀನನ್ನು ಮುಂದಕ್ಕೆ ಬಾಗಿಸಿದರು. ತಳದ ತಗಡಿನ ತಟ್ಟೆಯಿಂದ ನೀರು ದಬದಬ ಸುರಿಯಿತು. ಆ ತಟ್ಟೆಯಲ್ಲೊಂದು ಥರ್ಮೋಕೋಲ್ ಬಿಲ್ಲೆ ಇರುತ್ತದೆ. ಎಲ್ಲಾದರೂ ಸೋರಿ ತಟ್ಟೆ ತುಂಬಿದರೆ ಬಿಲ್ಲೆ ತೇಲಿ ಸ್ವಿಚ್ಚನ್ನು ಒತ್ತುತ್ತದೆ, ಮಷೀನು ಕೆಲಸ ನಿಲ್ಲಿಸಿ ದೀಪ ಹಚ್ಚುತ್ತದೆ. ಭಾವ ಬಾಗಿಲಿನ ರಬ್ಬರ್ ನೋಡಿದರು, ಪೈಪಿನ ಕ್ಲಿಪ್ಪು ಬಿಗಿ ಮಾಡಿದರು, ಪಂಪಿನ ಸುತ್ತ ಒಣಬಟ್ಟೆ ಒತ್ತಿ ನೋಡಿದರು. ಎಲ್ಲೂ ತೇವ ಹತ್ತಲಿಲ್ಲ. ಮತ್ತೆ ಓಡಿಸಿ, ಸ್ಕ್ರೂಡ್ರೈವರ್ ಕಿವಿಗೆ ಆನಿಸಿ ಕೂತರು.

ನನಗೆ ನಿಂತಲ್ಲಿಗೇ ಕೇಳುತ್ತಿತ್ತು. ಎಡಗಡೆ ಹಿಂದೆ, ತಗಡಿನ ಮೇಲೆ ಟಪ್ ಟಪ್ ಅಂತ ಹನಿ.

"ಎಡಗಡೆ ಏನೋ ತೊಟ್ಟಿಕ್ತಿದೆ ಕಣ್ರೀ" ಅಂದಳು ಅಕ್ಕ, ಅವರ ಎದುರಿಗೆ ಬಂದು.

"ಅದು ಹೊರಗಿನ ನಲ್ಲಿ. ಸುಮ್ನಿರು."

"ನನಗೂ ಕೇಳಿಸ್ತು ಭಾವ."

"ನೀನು ಟಾರ್ಚ್ ಸರಿಯಾಗಿ ಹಿಡಿ."

ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಹೊತ್ತಿತು. ಸ್ವಿಚ್ಚೇ ಹಾಳು ಅಂತ ತೀರ್ಪು ಕೊಟ್ಟು, ಬಿಲ್ಲೆ ಮೇಲೇಳದ ಹಾಗೆ ಟೇಪು ಸುತ್ತಿ ಕೂರಿಸಿದರು. ದೀಪ ಆರಿತು. ಜನ್ಮದಲ್ಲಿ ಯಾವ ಗಿರಾಕಿಗೂ ಮಾಡದ ಕೆಲಸವನ್ನು ಕಟ್ಟಿಕೊಂಡ ಹೆಂಡತಿಗೆ ಮಾಡಿದರು. "ನಿಜವಾಗ್ಲೂ ಸೋರಿದ್ರೆ ನನಗೆ ಕೇಳಿಸಲ್ವಾ?" ಅಂತ ಬೇರೆ.

ಅದೇ ವಾರ ಒಂದು ಸಂಜೆ ನಾನು ಆ ಕಡೆ ಹೋದೆ. ಮೆಟ್ಟಿಲು ಹತ್ತುವಾಗಲೇ ಅಕ್ಕನ ದನಿ ಕೇಳಿಸಿತು. ಕೂಗಿ ಕೂಗಿ ದನಿ ಒಡೆದಿತ್ತು. ಬಾಗಿಲು ತಳ್ಳಿದರೆ, ಭಾವ ಅಡುಗೆಮನೆಗೆ ಬೆನ್ನು ಹಾಕಿ, ಪೇಪರಿನ ಮೇಲೆ ಯಾರದೋ ಪಂಪು ಬಿಚ್ಚಿ ಹರಡಿಕೊಂಡು ಕೂತಿದ್ದಾರೆ. ನನ್ನನ್ನು ನೋಡಿ ಮುಖವರಳಿಸಿ, "ಬಾರೋ ಬಾ" ಅಂದವರು ಅಡುಗೆಮನೆಯ ಕಡೆ ಗಟ್ಟಿಯಾಗಿ, "ಇವಳೇ, ನಿನ್ನ ತಮ್ಮ ಬಂದ, ಎರಡು ಲೋಟ ಕಾಫಿ ಮಾಡು" ಅಂದರು.

ಅಕ್ಕ ನೆಲದ ಮೇಲೆ ಬಿದ್ದಿದ್ದಳು. ತಟ್ಟೆ ತುಂಬಿ ಹೊರಗೆ ಹರಿದ ಸೋಪಿನ ನೀರಿನಲ್ಲಿ ಜಾರಿ, ಒಂದು ಕಾಲು ವಾರೆಯಾಗಿ ತಿರುಗಿತ್ತು. ಸೀರೆಯೆಲ್ಲ ನೆನೆದು ತಣ್ಣಗಾಗಿತ್ತು. ಮಷೀನು ದೀಪವಿಲ್ಲದೆ ತನ್ನ ಪಾಡಿಗೆ ತೊಳೆಯುತ್ತಲೇ ಇತ್ತು.

ಸೊಂಟದ ಮೂಳೆ ಮುರಿದಿದೆ ಅಂದರು ಆಸ್ಪತ್ರೆಯಲ್ಲಿ. ಆಪರೇಷನ್ ಆಗಿ ಅಕ್ಕ ಮಾತಾಡುವ ಹಾಗಾದ ಮೇಲೆ, ಮಂಚದ ಪಕ್ಕ ನಿಂತಿದ್ದ ಭಾವನ ಮುಖವನ್ನೇ ನೋಡುತ್ತಾ, ಬಿಡಿಸಿ ಬಿಡಿಸಿ ಕೇಳಿದಳು. "ನಾನು ಅಷ್ಟು ಹೊತ್ತು ಕೂಗಿದೆನಲ್ಲ, ನಿಮಗೆ ಕೇಳಿಸ್ಲಿಲ್ವಾ?"

ಪಕ್ಕದ ಮಂಚಗಳವರು ತಿರುಗಿ ನೋಡಿದರು. ಭಾವ ಅವರನ್ನೊಮ್ಮೆ ನೋಡಿದರು.

"ಕೇಳಿಸ್ತು" ಅಂದರು. "ಕೈಯಲ್ಲಿ ಕೆಲಸ ಇತ್ತು. ಮುಗಿಸ್ಕೊಂಡು ಬರೋಣ ಅಂತಿದ್ದೆ."

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ರಟ್ಟೆ ಹಿಡಿದು ಅವರನ್ನು ಹೊರಗೆಳೆದು ತಂದು, "ಅಂಥ ಸುಳ್ಳು ಯಾಕೆ ಹೇಳಿದ್ರಿ?" ಅಂತ ಕಿರುಚಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಕಿವಿ ಹೋಗಿದೆ ಅಂತ ನಾನೇ ಒಪ್ಕೊಂಡ್ರೆ ನಾಳೆ ಕೆಲಸಕ್ಕೆ ನನ್ನನ್ನ ಯಾರು ಕರೀತಾರೋ?" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಇದ್ದರೂ ನನಗೆ ಕನಿಕರ ಬರಲಿಲ್ಲ.

ಅಕ್ಕನನ್ನು ನಮ್ಮ ಮನೆಗೆ ಕರೆತಂದೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾದಾಗ, ಇನ್ನು ತಡೆಯಲಾರದೆ ಹೇಳಿಬಿಟ್ಟೆ. "ಅಕ್ಕಾ, ಭಾವ ಹೇಳಿದ್ದು ಸುಳ್ಳು. ಅವರಿಗೆ ಕಿವಿ ಕೇಳಲ್ಲ."

"ನನಗೆ ಗೊತ್ತಿಲ್ವೇನೋ?" ಅಂದಳು. "ಎಷ್ಟು ವರ್ಷದಿಂದ ಅವರ ಎದುರಿಗೆ ಹೋಗಿ ನಿಂತ್ಕೊಂಡೇ ಮಾತಾಡ್ತಿದ್ದೀನಿ. ಬೇರೆಯವರಿಗೆ ಗೊತ್ತಾಗ್ಬಾರ್ದು ಅಂತ ಅವರ ಫೋನೆಲ್ಲ ನಾನೇ ಎತ್ತಿದ್ದೀನಿ."

"ಮತ್ತೆ ಆಸ್ಪತ್ರೆಯಲ್ಲಿ ಹಾಗ್ಯಾಕೆ ಕೇಳ್ದೆ?"

"ನನ್ನ ಹತ್ರ ಆದ್ರೂ ಒಂದ್ಸಲ ಹೇಳ್ತಾರೇನೋ ಅಂತ. ಕೇಳಿಸ್ಲಿಲ್ಲ ಕಣೇ ಅಂದಿದ್ರೆ ಸಾಕಿತ್ತು, ಸೊಂಟ ಮುರಿದದ್ದನ್ನೂ ಮರೀತಿದ್ದೆ. ಹೆಂಡತಿ ಸಾಯ್ಲಿ ಅಂತ ಕೂತಿದ್ದೋನು ಅನ್ನಿಸ್ಕೊಂಡ್ರೂ ಪರವಾಗಿಲ್ಲ ಅವರಿಗೆ. ಕಿವುಡ ಅನ್ನಿಸ್ಕೋಬಾರ್ದು."

ಭಾವ ಈಗ ಭಾನುವಾರಗಳಂದು ಬರುತ್ತಾರೆ, ಹಣ್ಣು ತರುತ್ತಾರೆ. ಅಕ್ಕ ಅವರ ಎದುರಿಗೆ ಹೋಗುವುದಿಲ್ಲ, ದನಿ ಎತ್ತುವುದಿಲ್ಲ. ಹೋದ ವಾರ ಕಿಟಕಿಯ ಕಡೆ ಮುಖಮಾಡಿ ಕೂತು, ಎಂದಿನ ಮೆಲುದನಿಯಲ್ಲಿ, "ನಾನಿನ್ನು ಆ ಮನೆಗೆ ಬರಲ್ಲ. ನನಗೋಸ್ಕರ ಕಾಯ್ಬೇಡಿ" ಅಂದಳು.

"ಹೂಂ, ಹೂಂ" ಅಂತ ಭಾವ ನಗುನಗುತ್ತಾ ತಲೆಯಾಡಿಸಿದರು. ಚಪ್ಪಲಿ ಮೆಟ್ಟುವಾಗ ನನ್ನ ಹೆಗಲು ತಟ್ಟಿ ಹೇಳಿದರು.

"ನಿಮ್ಮಕ್ಕ ಬರೋಷ್ಟರಲ್ಲಿ ಮಷೀನ್ ಸರಿಮಾಡಿ ಇಟ್ಟಿರ್ತೀನಿ ಅಂತ ಹೇಳು."