ಪಿಸುಮಾತಿನ ಚರಗ

"ನಿಮ್ಮ ಕಡೆ ಹಕ್ಕಿ ಅಂದ್ರೆ ಏನು? ಕಾಗೆ, ಗುಬ್ಬಿ, ಮಠದ ಪಾರಿವಾಳ. ಅಷ್ಟೇ ತಾನೆ?"

ಭಾವ ಫ್ಯಾಮಿಲಿ ಗ್ರೂಪಿನಲ್ಲಿ ಹೀಗೆ ಬರೆದಾಗ ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಗಂಡ ಮೈಸೂರಿನವರು, ನೌಕರಿ ಕಾರವಾರದಲ್ಲಿ. ಮಳೆಗಾಲ ಮುಗಿದದ್ದೇ ತಡ, ಕಡಲಂಚಿನ ಕೆಸರಿನಲ್ಲಿ ಮೊಣಕಾಲುದ್ದ ಇಳಿದು ವಲಸೆ ಹಕ್ಕಿಗಳ ಫೋಟೋ ತೆಗೆಯುತ್ತಾರೆ. ತೆಗೆಯಲಿ. ದಿನಾ ಬೆಳಿಗ್ಗೆ ನಮ್ಮ ಮೇಲೆ ತಂದು ಸುರಿಯಬೇಕೆ?

"ಶಿಗ್ಗಾವಿಗೆ ಬರ್ರಿ, ತೋರಸ್ತೇನಿ" ಎಂದು ಬರೆದೆ. ಬಂದೇ ಬಿಟ್ಟರು! ಅದೂ ಸೀಗಿ ಹುಣ್ಣಿಮೆಯ ದಿನ.

ದುಂಡಸಿ ಹಾದಿಯಲ್ಲಿ ಒಂದು ಕೆರೆ ಇದೆ. ನೀರು ಸರಿದ ದಂಡೆಯ ಕೆಸರಿನಲ್ಲಿ ಸಣ್ಣ ಬಾತುಗಳ ಹಿಂಡು, ಉದ್ದ ಕೊಕ್ಕಿನ ಗೊರವ ಹಕ್ಕಿಗಳು. ಹಿಮಾಲಯ ದಾಟಿ ಬಂದವು. (ಹಿಂದಿನ ದಿನವೇ ಗುಟ್ಟಾಗಿ ಹೋಗಿ ಖಾತ್ರಿ ಮಾಡಿಕೊಂಡಿದ್ದೆ. ಮರ್ಯಾದೆ ಪ್ರಶ್ನೆ!)

ಜಾಲಿ ಪೊದೆಯ ಹಿಂದೆ ಕೂತೆವು. ಭಾವ ಲೆನ್ಸ್ ಹಚ್ಚಿ ಇನ್ನೇನು ಕ್ಲಿಕ್ಕಿಸಬೇಕು, ಗಡಗಡ ಎಂದು ಟ್ರ್ಯಾಕ್ಟರ್ ಬಂತು. ಪಕ್ಕದ ಭತ್ತದ ಗದ್ದೆಯ ಯಜಮಾನ ಚನಬಸಪ್ಪಜ್ಜ, ಅವರ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬುತ್ತಿ ಗಂಟುಗಳು. (ಹಕ್ಕಿಗಳು ಕತ್ತೆತ್ತಿ ನೋಡಿ ಸುಮ್ಮನಾದವು. ಟ್ರ್ಯಾಕ್ಟರ್ ಅವಕ್ಕೂ ರೂಢಿ.)

ಗಾಬರಿಯಾದದ್ದು ನನಗೆ ಮಾತ್ರ. ಸೀಗಿ ಹುಣ್ಣಿಮೆ ಎಂದರೆ ತೆನೆ ಹೊತ್ತ ಭೂಮಿತಾಯಿಗೆ ಸೀಮಂತ. ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಚೂರು ಚೂರು ಕಲಸಿದ ಚರಗವನ್ನು ಹೊಲದ ತುಂಬ ಎರಚಬೇಕು. ಸುಮ್ಮನೆ ಎರಚುವುದಲ್ಲ. "ಹುಲ್ಲುಲ್ಲಿಗೋ! ಚಲ್ಲಂಬ್ರಿಗೋ!" ಎಂದು ಗಂಟಲು ಹರಿಯುವಂತೆ ಕೂಗಬೇಕು. ಆ ಭಾಗದಲ್ಲಿ ಚನಬಸಪ್ಪಜ್ಜನ ಕೂಗಿಗೆ ಸಾಟಿಯೇ ಇಲ್ಲವಂತೆ. ಮುಗಿಯಿತಲ್ಲ ನನ್ನ ಕಥೆ!

ಓಡಿ ಹೋಗಿ ಕೈಮುಗಿದೆ. "ಅಜ್ಜಾರ, ಅರ್ಧ ತಾಸು ತಡೀರಿ. ನಮ್ಮ ಭಾವ ಕಾರವಾರದಿಂದ ಹಕ್ಕಿ ನೋಡಾಕ ಬಂದಾರ. ನೀವು ಕೂಗಿದ್ರ ಹಕ್ಕಿನೂ ಹೋಗ್ತಾವ, ನನ್ನ ಮರ್ಯಾದಿನೂ ಹೋಗ್ತೈತಿ."

ಅಜ್ಜ ಬಿಸಿಲು ನೋಡಿದರು. "ತಡಿಯಾಕ ಆಗೂದಿಲ್ಲ ತಮ್ಮಾ. ಚರಗ ಚೆಲ್ಲದ ಯಾರೂ ಉಣ್ಣಂಗಿಲ್ಲ. ಹುಡುಗ್ರು ಹಸದಾವ."

ಹಸಿದ ಮಕ್ಕಳ ಮುಂದೆ ನನ್ನ ಮರ್ಯಾದೆ ಯಾವ ಲೆಕ್ಕ? ತಿರುಗಿ ಹೊರಟೆ. ಆಗ ಅವರ ಹಿರೀ ಸೊಸೆ ಬಾಯಿ ಹಾಕಿದರು. "ಮಾವಾರ, ಭೂಮಿತಾಯಿ ಏನ್ ಕಿವುಡಿ ಅದಾಳೇನ್ರಿ? ಸಣ್ಣಗ ಕೂಗಿದ್ರೂ ಕೇಳ್ತಾಳ."

"ಕೂಗದ ಚೆಲ್ಲೂದು ಎಲ್ಲ್ಯಾರ ಕೇಳೀಯೇನ?" ಅಜ್ಜ ಗದರಿಸಿದರು. ಆದರೂ ಕೆರೆಯ ಕಡೆ ಒಮ್ಮೆ ನೋಡಿದರು. ಹಕ್ಕಿಗಳು ಕೆಸರಿಗೆ ಕೊಕ್ಕು ಹಾಕಿ ಒಂದೇ ಸಮ ಮೇಯುತ್ತಿದ್ದವು.

ಆಮೇಲೆ ನಡೆದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅಜ್ಜ ಚರಗ ಎರಚುತ್ತ ಪಿಸುಗುಟ್ಟಿದರು, "ಹುಲ್ಲುಲ್ಲಿಗೋ..." ಹಿಂದೆ ಇಡೀ ಮನೆತನ ಸಾಲಾಗಿ ಪಿಸುಗುಟ್ಟಿತು, "ಚಲ್ಲಂಬ್ರಿಗೋ..." ಮೊಮ್ಮಕ್ಕಳು ನಗು ತಡೆಯಲಾರದೆ ಬಾಯಿಗೆ ಕೈ ಒತ್ತಿಕೊಂಡಿದ್ದವು. ಅಷ್ಟು ದೊಡ್ಡ ದನಿಯ ಮನುಷ್ಯ, ವರ್ಷಕ್ಕೊಮ್ಮೆ ಸಿಗುವ ಕೂಗನ್ನು ನುಂಗಿಕೊಂಡು, ಬದುವಿನ ಮೇಲೆ ಬೆಕ್ಕಿನಂತೆ ನಡೆಯುತ್ತಿದ್ದರು! ಒಂದು ಹಕ್ಕಿಯೂ ಏಳಲಿಲ್ಲ. ಇವರು ನಮ್ಮವರು ರೀ, ನಮ್ಮವರು!

ಭಾವನಿಗೆ ಸಾಕೆನ್ನುವಷ್ಟು ಫೋಟೋ ಸಿಕ್ಕವು. ಅಜ್ಜನ ಮನೆಯವರು ನಮ್ಮನ್ನೂ ಬಿಡದೆ ಊಟಕ್ಕೆ ಕೂರಿಸಿದರು. ಕಡುಬು, ಪುಂಡಿಪಲ್ಯ, ಹೋಳಿಗೆ. ಎರಡು ತುತ್ತು ತಿಂದ ಭಾವ ಸಂಕೋಚದಿಂದ ಹೇಳಿದರು, "ಅಜ್ಜ, ನನ್ನ ಕೆಲಸ ಆಯ್ತು. ಈಗಲಾದ್ರೂ ಒಂದ್ಸಲ ಜೋರಾಗಿ ಕೂಗಿಬಿಡಿ. ನನ್ನಿಂದ ನಿಮ್ಮ ಹಬ್ಬ ಸಪ್ಪಗಾಗೋದು ಬೇಡ."

ಅಜ್ಜ ತಲೆಯಾಡಿಸಿದರು. "ಬ್ಯಾಡ್ರಿ. ನೀವೂ ಉಣ್ಣಾಕತ್ತೀರಿ, ಅವೂ ಉಣ್ಣಾಕತ್ತಾವ. ದೂರದಿಂದ ಬಂದ ಬೀಗರನ್ನ ಊಟದ ನಡುವ ಎಬ್ಬಸ್ತಾರೇನ್ರಿ?" (ನಮ್ಮ ಕಡೆ ಮನೆಗೆ ಬಂದ ನೆಂಟರೆಲ್ಲ ಬೀಗರೇ.)

ಆ ರಾತ್ರಿ ಗ್ರೂಪಿನಲ್ಲಿ ನಾನೂ ಒಂದು ಪ್ರಶ್ನೆ ಬರೆದೆ: ಭಾವಾ, ನಿಮ್ಮ ಕಡಲ ದಂಡೆಯಲ್ಲಿ ಹಕ್ಕಿಗಳು ಯಾರ ಮನೆಯ ಬೀಗರು?