ಆ ಮಾತು ನಾನೇ ಹೇಳಿಕೊಟ್ಟಿದ್ದು ಎಂದ ನಟಿ

ಇದು ನಡೆದದ್ದು ಹೋದ ವರ್ಷ, ಯುಗಾದಿಗೆ ಇನ್ನೆರಡು ವಾರವಿದ್ದಾಗ, ಒಂದು ಭಾನುವಾರ. ಆಗ ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಈಗ ಅಲ್ಲಿಲ್ಲ, ಬೇರೆ ಕಡೆ ಸೇರಿಕೊಂಡಿದ್ದೇನೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಆ ವಾರ ನಮ್ಮ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಭಾನುವಾರ ನಮ್ಮ ಫ್ಲೋರಿನಲ್ಲಿ ಟೀವಿ ಧಾರಾವಾಹಿಯ ಶೂಟಿಂಗ್ ಇದೆ, ಇಷ್ಟವಿದ್ದವರು ಏಪ್ರನ್ ಹಾಕಿಕೊಂಡು ಬಂದು ತಮ್ಮ ತಮ್ಮ ಮಷೀನಿನ ಮುಂದೆ ಕೂರಬಹುದು, ಮಧ್ಯಾಹ್ನ ಊಟ ಇರುತ್ತದೆ ಎಂದು. ರಜೆ ದಿನ ಬನ್ನಿ ಎಂದರೆ ಮುಖ ಸಿಂಡರಿಸುವ ನಾವು ಅವತ್ತು ನಲವತ್ತು ಜನ ಹೆಸರು ಕೊಟ್ಟೆವು. ಅದು ನಾವೆಲ್ಲ ದಿನಾ ನೋಡುತ್ತಿದ್ದ ಧಾರಾವಾಹಿ. ಅದರಲ್ಲಿ ವಸುಂಧರಾ ಎಂಬ ಶ್ರೀಮಂತ ಅತ್ತೆಯ ಪಾತ್ರವಿತ್ತು. ನೋಡಿದರೆ ಮೈ ಉರಿಯಬೇಕು, ಅಂಥ ಹೆಂಗಸು.

ಆ ಪಾತ್ರ ಮಾಡಿದ ನಟಿಯ ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ, ವಸುಂಧರಾ ಎಂದೇ ಕರೆಯುತ್ತೇನೆ. ಬೀದಿಯಲ್ಲಿ ಜನ ಅವರನ್ನು ಕರೆಯುವುದೂ ಹಾಗೆಯೇ. ನನಗೆ ಮಾತ್ರ ಅವರು ಅದಕ್ಕೂ ಹಿಂದಿನಿಂದ ಗೊತ್ತು. ನಾನು ಕುಣಿಗಲ್ ಹತ್ತಿರದ ನಮ್ಮೂರಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಭಾನುವಾರ ಸಂಜೆ ಟೀವಿಯಲ್ಲಿ ಅವರ ಸಿನಿಮಾ ನೋಡಿದ್ದೆ. ಲಂಗ ದಾವಣಿ ಹಾಕಿಕೊಂಡು, ಎರಡು ಜಡೆ ಬಿಟ್ಟುಕೊಂಡು, ಕೈ ಬಿಟ್ಟು ಸೈಕಲ್ ಹೊಡೆದಿದ್ದರು. ಅದನ್ನು ನೋಡಿ ನಾನೂ ಅಪ್ಪನ ಸೈಕಲ್‌ನಲ್ಲಿ ಕೈ ಬಿಡಲು ಹೋಗಿ ಮೊಣಕಾಲು ತರಚಿಕೊಂಡೆ. ಆಮೇಲೆ ಅವರು ಹೀರೋಯಿನ್ ಆಗಿ ಕಾಣಲಿಲ್ಲ. ಹೀರೋನ ತಂಗಿಯಾಗಿ ಬಂದರು, ಗಂಡ ಸತ್ತ ಅತ್ತಿಗೆಯಾಗಿ ಬಂದರು, ತಮಗಿಂತ ದೊಡ್ಡವನಂತೆ ಕಾಣುವ ಹೀರೋಗೆ ತಾಯಿಯಾಗಿಯೂ ಬಂದರು. ಆಮೇಲೆ ಎಷ್ಟೋ ವರ್ಷ ಎಲ್ಲೂ ಇಲ್ಲ. ಮತ್ತೆ ಕಂಡದ್ದು ಈ ಧಾರಾವಾಹಿಯಲ್ಲಿ, ರೇಷ್ಮೆ ಸೀರೆ ಉಟ್ಟುಕೊಂಡು, ಸೊಸೆಯ ಹಾಲಿಗೆ ಏನೋ ಬೆರೆಸುತ್ತಾ.

ರಾಜಗೋಪಾಲನಗರದ ನಮ್ಮ ಮನೆ ಓನರ್ ಪುಟ್ಟಮ್ಮ ಅಂತೂ ಶೂಟಿಂಗ್ ಸುದ್ದಿ ಕೇಳಿ ಮೆಟ್ಟಿಲ ಮೇಲಿಂದಲೇ ಕೂಗಿದರು. "ಲೇ ಜಯಾ, ಆ ವಸುಂಧರಾ ಸಿಕ್ಕಿದ್ರೆ ಸುಮ್ಕೆ ಬಿಡ್ಬೇಡ ಕಣೆ. ನನ್ ಎಸರೇಳಿ ಒಂದ್ ಮಂಗಳಾರತಿ ಎತ್ಬುಟ್ ಬಾ!"

ಭಾನುವಾರ ಒಂಬತ್ತಕ್ಕೆ ಹೋದಾಗ ಫ್ಲೋರಿನ ತುಂಬ ದೀಪ, ವೈರು. ಫ್ಯಾಕ್ಟರಿಯ ಕಡೆಯಿಂದ ಸಾಮಾನು ನೋಡಿಕೊಳ್ಳಲು ನಮ್ಮ ಫ್ಲೋರ್ ಇನ್‌ಚಾರ್ಜ್ ಬಂದಿದ್ದರು. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದರು.

ವಸುಂಧರಾ ಬಂದವರು ನೇರವಾಗಿ ನನ್ನ ಮಷೀನಿನ ಹತ್ತಿರ ನಿಂತರು. ಸೀನಿನಲ್ಲಿ ಅವರು ಫ್ಯಾಕ್ಟರಿ ಒಡತಿ. "ಅಕ್ಕ, ಒಂದ್ನಿಮಿಷ ನಿಮ್ ಜಾಗ ಕೊಡ್ತೀರಾ? ಕೈ ಆಡಿಸಿ ನೋಡ್ತೀನಿ" ಎಂದರು. ಸೂಜಿಗೆ ಬೆರಳು ಕೊಟ್ಟುಬಿಟ್ಟಾರು ಎಂದು ನಾನು ಪಕ್ಕದಲ್ಲೇ ನಿಂತೆ. ಅವರು ಸೆರಗು ಸಿಕ್ಕಿಸಿ, ಬಟ್ಟೆ ಇಟ್ಟು, ಪೆಡಲ್ ಒತ್ತಿ ಒಂದು ಮೊಳ ಹೊಲಿಗೆ ಹಾಕಿದರು. ಗೆರೆ ಎಳೆದಂತೆ ನೇರವಾಗಿತ್ತು.

"ಎಲ್ಲಿ ಕಲಿತ್ರಿ ಮೇಡಂ?" ಎಂದೆ.

"ಯಾರೂ ಶೂಟಿಂಗ್‌ಗೆ ಕರೀದೇ ಇದ್ದ ವರ್ಷಗಳಲ್ಲಿ. ಅಕ್ಕಪಕ್ಕದವರ ಬ್ಲೌಸ್ ಹೊಲಿದು ಕೊಡ್ತಿದ್ದೆ" ಎಂದು ನಕ್ಕರು.

ಅಷ್ಟರಲ್ಲಿ ಡೈರೆಕ್ಟರ್ ಫೋನಿನಲ್ಲಿ ಕೂಗಾಡುವುದು ಕೇಳಿಸಿತು. ಒಬ್ಬ ಕೆಲಸದ ಹೆಂಗಸಿನ ಸಣ್ಣ ಪಾತ್ರ ಮಾಡಬೇಕಾದವರು ಬರಲೇ ಇಲ್ಲವಂತೆ. ವಸುಂಧರಾ ನನ್ನತ್ತ ಕೈ ತೋರಿಸಿ, "ಇವ್ರು ಮಾಡ್ತಾರೆ ಬಿಡಿ, ಒಂದೇ ಡೈಲಾಗ್ ತಾನೇ?" ಎಂದುಬಿಟ್ಟರು. ಬೇಡ ಎನ್ನುವಷ್ಟರಲ್ಲಿ ನನ್ನ ಮುಖಕ್ಕೆ ಪೌಡರ್ ಬಿದ್ದಿತ್ತು.

ನಾನು ಎದ್ದು ನಿಂತು "ಮೇಡಂ, ಮಗಳಿಗೆ ಹುಷಾರಿಲ್ಲ, ಅರ್ಧ ದಿನ ರಜೆ ಕೊಡಿ" ಎನ್ನಬೇಕು. ಅವರು ನನ್ನ ಮಷೀನಿನ ಮೇಲಿದ್ದ ಶರಟನ್ನು ಎತ್ತಿ ನನ್ನ ಮುಖಕ್ಕೆ ಎಸೆದು, "ಕೆಲಸ ಮುಖ್ಯನೋ ಮಗಳು ಮುಖ್ಯನೋ ಡಿಸೈಡ್ ಮಾಡ್ಕೊಂಡು ಬಾ" ಎನ್ನುತ್ತಾರೆ. ನಾನು ತಲೆ ತಗ್ಗಿಸಬೇಕು. ಅಷ್ಟೆ.

ಎರಡು ತಿಂಗಳ ಹಿಂದೆ ಅದೇ ಜಾಗದಲ್ಲಿ, ಅದೇ ಮಷೀನಿನ ಮುಂದೆ ಇದು ನನಗೆ ನಡೆದಿತ್ತು.

ನನ್ನ ಮಗಳು ರಕ್ಷಿತಾ ಆಗ ಒಂಬತ್ತನೇ ಕ್ಲಾಸು. ಬೆಳಿಗ್ಗೆಯೇ ಮೈ ಬಿಸಿ ಇತ್ತು. ಟೆಸ್ಟ್ ಇದೆ ಎಂದು ಹಟ ಮಾಡಿ ಸ್ಕೂಲಿಗೆ ಹೋದಳು. ನನಗೆ ಮನಸ್ಸು ತಡೆಯದೆ ಹನ್ನೊಂದು ಗಂಟೆಗೆ ಇನ್‌ಚಾರ್ಜ್ ಹತ್ತಿರ ಅರ್ಧ ದಿನ ರಜೆ ಕೇಳಿದೆ. ಅವರು ನಾನು ಹೊಲಿದಿದ್ದ ಶರಟನ್ನೇ ತೆಗೆದು ಮುಖಕ್ಕೆ ಎಸೆದರು. "ಇವತ್ತು ಮಾಲು ಹೋಗ್ಬೇಕು. ಮಕ್ಕಳನ್ನ ಹೆತ್ತು ನನ್ ತಲೆ ಮೇಲೆ ಹಾಕ್ತೀರಾ? ಹೋಗು, ಕೂತ್ಕೋ" ಎಂದರು. ನಾನು ಹೋಗಿ ಕೂತೆ. ಫೋನು ಲಾಕರಿನಲ್ಲಿತ್ತು, ಡ್ಯೂಟಿ ಮುಗಿಯುವವರೆಗೆ ಕೊಡುವುದಿಲ್ಲ. ಸಂಜೆ ಐದೂವರೆಗೆ ತೆಗೆದು ನೋಡಿದರೆ ಸ್ಕೂಲಿನಿಂದ, ಪುಟ್ಟಮ್ಮನಿಂದ ಸಾಲು ಸಾಲು ಮಿಸ್ಡ್ ಕಾಲ್. ಮಗಳು ಕ್ಲಾಸಿನಲ್ಲೇ ಬಿದ್ದಿದ್ದಳು. ಡೆಂಗಿ. ನಮ್ಮ ಯಜಮಾನರು ಗಾಡಿಯಲ್ಲಿ ಲೋಡ್ ತೆಗೆದುಕೊಂಡು ಹೊಸೂರಿಗೆ ಹೋಗಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದು ಪುಟ್ಟಮ್ಮ.

ಮಗಳು ಹುಷಾರಾದಳು. ಆದರೆ ಅವತ್ತು ಆಸ್ಪತ್ರೆಯ ಬೆಡ್ಡಿನ ಮೇಲಿಂದ "ನೀನ್ಯಾಕೆ ಬರ್ಲಿಲ್ಲ ಅಮ್ಮ?" ಎಂದು ಕೇಳಿದಾಗ, "ತುಂಬಾ ಕೆಲ್ಸ ಇತ್ತು ಕಣೆ" ಎಂದುಬಿಟ್ಟೆ. ಶರಟಿನ ವಿಷಯ ಹೇಳಲು ನಾಲಿಗೆ ಬರಲಿಲ್ಲ. ಅವಳು ಗೋಡೆ ಕಡೆ ತಿರುಗಿಕೊಂಡಳು. ಅಲ್ಲಿಂದಾಚೆಗೆ ನನ್ನ ಜೊತೆ ಅವಳ ಮಾತು ಎಷ್ಟು ಬೇಕೋ ಅಷ್ಟೇ ಆಗಿತ್ತು.

ಸೀನು ಬರೆದವರಿಗೆ ನನ್ನ ಕತೆ ಹೇಗೆ ಗೊತ್ತಾಯಿತು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅದಕ್ಕೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನಮ್ಮ ಲೈನಿನಲ್ಲಿ ಯಾರನ್ನು ಕೇಳಿದರೂ ಇಂಥದ್ದೊಂದು ಇರುತ್ತದೆ.

ಕ್ಯಾಮೆರಾ ಶುರುವಾಯಿತು. ನಾನು ನನ್ನ ಮಾತು ಹೇಳಿದೆ. ವಸುಂಧರಾ ಶರಟು ಎಸೆದರು. ಅದು ಬಂದು ಕೆನ್ನೆಗೆ ತಗುಲಿ ಕೆಳಗೆ ಬಿತ್ತು. ತಲೆ ತಗ್ಗಿಸಬೇಕಿತ್ತು. ತಗ್ಗಲಿಲ್ಲ.

"ಎಸೀಬೇಡಿ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ನಾವ್ ಹೊಲ್ದಿರೋ ಬಟ್ಟೆ ಅದು, ನಮ್ ಮುಖಕ್ಕೇ ಎಸೀಬೇಡಿ. ನನ್ ಮಗಳು ಪ್ರಜ್ಞೆ ತಪ್ಪಿ ಬಿದ್ದಿದ್ಲು. ನನ್ ಫೋನು ಲಾಕರಲ್ಲಿ ಬಡ್ಕೋತಿತ್ತು. ನಾನ್ ಇಲ್ಲಿ ಕಾಲರ್ ಹೊಲೀತಾ ಕೂತಿದ್ದೆ. ಅವಳು ಸತ್ತೋಗಿದ್ರೆ ನೀವ್ ಬರ್ತಿದ್ರಾ ಮಣ್ಣಿಗೆ?"

ನಾನು ನೋಡುತ್ತಿದ್ದುದು ವಸುಂಧರಾ ಅವರನ್ನಲ್ಲ. ಕ್ಯಾಮೆರಾದ ಪಕ್ಕದಲ್ಲಿದ್ದ ಇನ್‌ಚಾರ್ಜ್ ಅವರನ್ನು.

ಡೈರೆಕ್ಟರ್ "ಕಟ್" ಎಂದದ್ದು ಎಷ್ಟೋ ಹೊತ್ತಿನ ಮೇಲೆ. ವಸುಂಧರಾ ಇನ್‌ಚಾರ್ಜ್ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ಬಗ್ಗಿ ನೆಲದ ಮೇಲಿದ್ದ ಶರಟನ್ನು ತಾವೇ ಎತ್ತಿ, ಕೊಡವಿ, ಮಷೀನಿನ ಮೇಲಿಟ್ಟರು.

ಇನ್‌ಚಾರ್ಜ್ ದಾಪುಗಾಲು ಹಾಕಿಕೊಂಡು ಬಂದರು. ಮುಖ ಕೆಂಪಾಗಿತ್ತು. "ಏನಮ್ಮ ಜಯಮ್ಮ, ಯಾರಿಗ್ ಹೇಳ್ದೆ ಅದು? ನಾಳೆ ಬೆಳಿಗ್ಗೆ ಆಫೀಸ್‌ಗೆ ಬಾ. ಲೈನಿಗ್ ಹೋಗ್ಬೇಡ, ನೇರ ಆಫೀಸ್‌ಗೆ ಬಾ."

ಆಫೀಸಿಗೆ ಬಾ ಎಂದರೆ ಏನು ಅರ್ಥ ಎಂದು ನಮ್ಮೆಲ್ಲರಿಗೂ ಗೊತ್ತು. ಹಾಗೆ ಹೋದವರು ಬ್ಯಾಗು ಹಿಡಿದುಕೊಂಡೇ ಹೊರಗೆ ಬರುತ್ತಾರೆ. ಹನ್ನೊಂದು ವರ್ಷ ದುಡಿದ ಜಾಗ.

"ಅಯ್ಯೋ, ಅವರಿಗ್ಯಾಕೆ ಬೈತೀರಾ ಸಾರ್?" ಎಂದರು ವಸುಂಧರಾ. "ಆ ಮಾತು ನಾನೇ ಹೇಳ್ಕೊಟ್ಟಿದ್ದು."

ಇನ್‌ಚಾರ್ಜ್ ತಿರುಗಿ ನೋಡಿದರು. ನಾನೂ ನೋಡಿದೆ.

"ಬರೀ ತಲೆ ತಗ್ಗಿಸಿದ್ರೆ ಸೀನು ಸಪ್ಪೆ ಆಗುತ್ತೆ ಅಂತ ನಾನೇ ಕಿವೀಲಿ ಹೇಳಿದ್ದೆ. ಫೋನು, ಲಾಕರು, ಎಲ್ಲಾ ನಂದೇ. ಏನ್ ಚೆನ್ನಾಗ್ ಹೇಳಿದ್ರು ಅಲ್ವಾ? ಒಂದೇ ಸಲಕ್ಕೆ ಕಲ್ತುಬಿಟ್ರು!"

"ಅಲ್ಲ ಮೇಡಂ, ಕಣ್ಣು ನನ್ ಕಡೆ ಇತ್ತಲ್ಲ..."

"ಕ್ಯಾಮೆರಾ ನೋಡ್ಬಾರದು, ಅದರ ಪಕ್ಕ ನೋಡಿ ಅಂತಾನೂ ನಾನೇ ಹೇಳಿದ್ದು. ಪಕ್ಕದಲ್ಲಿ ನೀವ್ ನಿಂತಿದ್ರಿ. ಪಾಪ, ಅವ್ರೇನ್ ಮಾಡ್ತಾರೆ?" ಎಂದು ಸಲೀಸಾಗಿ ಹೇಳಿ, "ಬನ್ನಿ ಸಾರ್, ಆಗ್ಲೇ ಫೋಟೋ ಬೇಕು ಅಂತಿದ್ರಲ್ಲ" ಎಂದು ಅವರ ಪಕ್ಕ ಹೋಗಿ ನಿಂತರು. ಇನ್‌ಚಾರ್ಜ್ ನಂಬಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಆದರೆ ಅಷ್ಟು ಜನರ ಮುಂದೆ, ಅಂಥ ನಟಿ ಪಕ್ಕದಲ್ಲಿ ನಿಂತು ನಗುತ್ತಿರುವಾಗ, ನಂಬದೆ ಅವರಿಗೂ ಬೇರೆ ದಾರಿ ಇರಲಿಲ್ಲ.

ಡೈರೆಕ್ಟರ್ ಮಾತ್ರ ತಲೆ ಕೆರೆದುಕೊಂಡು, "ಚೆನ್ನಾಗೇ ಬಂತು, ಆದ್ರೆ ಕತೇಲಿ ಇಲ್ವಲ್ಲ. ಚಾನೆಲ್‌ನೋರು ಒಪ್ಪಲ್ಲ. ಮೊದಲಿನ ಥರಾನೇ ಇನ್ನೊಂದ್ ಸಲ ತೆಗೆಯೋಣ" ಎಂದರು. ಎರಡನೇ ಸಲಕ್ಕೆ ಮುಂಚೆ ವಸುಂಧರಾ ನನ್ನ ಹತ್ತಿರ ಬಂದು, "ಈ ಸಲ ಮುಖಕ್ಕೆ ಬೀಳಲ್ಲ, ಹಿಂದಕ್ಕೆ ಹೋಗುತ್ತೆ. ಬಿತ್ತು ಅನ್ನೋ ಹಾಗೆ ಕಣ್ಣು ಮುಚ್ಚಿ, ಸಾಕು" ಎಂದರು. ನಾನು ಕಣ್ಣು ಮುಚ್ಚಿದೆ, ತಲೆ ತಗ್ಗಿಸಿದೆ. ಈ ಸಲ ಅದು ನಿಜಕ್ಕೂ ಬರೀ ನಟನೆಯಾಗಿತ್ತು.

ಊಟದ ಹೊತ್ತಿಗೆ ಅವರು ತಟ್ಟೆ ಹಿಡಿದುಕೊಂಡು ಹಿಂದಿನ ಮೆಟ್ಟಿಲಿನ ಮೇಲೆ ಕೂತಿದ್ದರು. ನಾನು ಹೋಗಿ ಕೈ ಮುಗಿದೆ. ಅಳು ಬಂತು.

"ಕೂತ್ಕೊಳ್ಳಿ, ಊಟ ಮಾಡಿ" ಎಂದರು. "ಮಗಳು ಈಗ ಹುಷಾರಾಗಿದಾಳಾ?"

ನಾನು ಏನೂ ಹೇಳಿರಲಿಲ್ಲ. ಅವರಿಗೆ ಎಲ್ಲ ಅರ್ಥವಾಗಿತ್ತು. ನಡೆದದ್ದನ್ನು ಹೇಳಿದೆ. ಅವರು ಅನ್ನ ಕಲಸುತ್ತಾ ಕೇಳಿಸಿಕೊಂಡರು. ಆಮೇಲೆ ತಮ್ಮದನ್ನು ಹೇಳಿದರು.

ಅವರಿಗೆ ಆಗ ಇಪ್ಪತ್ತೆರಡು. ಆರನೇ ಸಿನಿಮಾ. ಪೈಪಿನಲ್ಲಿ ನೀರು ಬಿಟ್ಟು ಮಳೆ ಹಾಡು ತೆಗೆಯುತ್ತಿದ್ದರು. ಅವರಿಗೆ ಎರಡು ದಿನದಿಂದ ಟೈಫಾಯ್ಡ್ ಜ್ವರ. "ನಾಳೆ ಮಾಡ್ತೀನಿ, ಇವತ್ತು ಆಗಲ್ಲ ಅಂದೆ. ಅಷ್ಟೇ ನಾನ್ ಅಂದಿದ್ದು. ಡೈರೆಕ್ಟರ್ ಎಲ್ಲರ ಮುಂದೆ ಬೈದ್ರು, ನಾನೂ ಎದುರು ಮಾತಾಡ್ದೆ. ಮಾರನೇ ದಿನ ಇಡೀ ಗಾಂಧಿನಗರದಲ್ಲಿ ಸುದ್ದಿ, ಈ ಹುಡುಗೀಗೆ ಜಂಬ ಅಂತ. ಮುಂದಿನ ಎರಡು ಸಿನಿಮಾ ಕೈ ತಪ್ಪಿತು. ಇಪ್ಪತ್ತಾರಕ್ಕೆ ತಂಗಿ ಆದೆ, ಮೂವತ್ನಾಲ್ಕಕ್ಕೆ ತಾಯಿ ಆದೆ, ಆಮೇಲೆ ಅದೂ ಇಲ್ಲ."

ತಟ್ಟೆ ಪಕ್ಕಕ್ಕಿಟ್ಟು ಹೇಳಿದರು. "ಅವತ್ತು ಸೆಟ್ಟಲ್ಲಿ ಎಷ್ಟ್ ಜನ ಇದ್ರು! ನನ್ ಹಣೆ ಮುಟ್ಟಿ ನೋಡಿದ ಮೇಕಪ್‌ನೋರು ಇದ್ರು, ಕಾಫಿ ಕೊಟ್ಟೋರು ಇದ್ರು. ಅವಳಿಗೆ ಜ್ವರ ಇರೋದು ನಿಜ ಅಂತ ಒಬ್ರೂ ಬಾಯಿ ಬಿಡ್ಲಿಲ್ಲ. ಅವರನ್ನ ದೂರಲ್ಲ ನಾನು, ಅವರಿಗೂ ಹೊಟ್ಟೆಪಾಡು. ಆದ್ರೆ ಇವತ್ತು ಆ ಮನುಷ್ಯ ಆಫೀಸ್‌ಗೆ ಬಾ ಅಂದಾಗ ನನಗೆ ಸುಮ್ನಿರೋಕೆ ಆಗ್ಲಿಲ್ಲ."

"ನಿಮಗೇನಾದ್ರೂ ತೊಂದ್ರೆ ಆಗಿದ್ರೆ ಮೇಡಂ?" ಎಂದೆ.

"ಆಗ್ಬಹುದು. ನಿಮಗೆ ಟಾರ್ಗೆಟ್ ಇದ್ದ ಹಾಗೆ ನಮಗೆ ಟಿಆರ್‌ಪಿ. ಬರೆಯೋರಿಗೆ ಬೇಡ ಅನ್ನಿಸಿದ್ರೆ ನಾಳೆನೇ ವಸುಂಧರಾಗೆ ಹಾರ್ಟ್ ಅಟ್ಯಾಕ್. ಗೋಡೆ ಮೇಲೆ ಹಾರ ಹಾಕಿದ ಫೋಟೋ ಆಗ್ತೀನಿ" ಎಂದು ಜೋರಾಗಿ ನಕ್ಕರು. ಪುಟ್ಟಮ್ಮ ಹೇಳಿಕಳಿಸಿದ್ದನ್ನು ಹೇಳಿದೆ. ಇನ್ನೂ ಜೋರಾಗಿ ನಕ್ಕು, "ಆ ಬೈಗಳೇ ನನ್ ಅನ್ನ. ಇನ್ನೂ ಚೆನ್ನಾಗಿ ಬೈಯೋಕೆ ಹೇಳಿ" ಎಂದರು.

ಸೋಮವಾರ ಹೆದರುತ್ತಲೇ ಲೈನಿಗೆ ಹೋದೆ. ಇನ್‌ಚಾರ್ಜ್ ಏನೂ ಹೇಳಲಿಲ್ಲ. ಕೂಗಾಟ ನಿಲ್ಲಲಿಲ್ಲ, ಫೋನು ಲಾಕರಿನಲ್ಲೇ ಇತ್ತು. ಆದರೆ ನಾನು ಅಲ್ಲಿ ಇರುವವರೆಗೆ ಅವರು ಯಾರ ಮುಖಕ್ಕೂ ಬಟ್ಟೆ ಎಸೆದದ್ದನ್ನು ಮತ್ತೆ ನೋಡಲಿಲ್ಲ.

ಮೂರು ವಾರದ ಮೇಲೆ ಆ ಸಂಚಿಕೆ ಬಂತು. ಸಂಜೆ ಎಲ್ಲರೂ ಟೀವಿ ಮುಂದೆ ಕೂತೆವು. ನನ್ನ ಮಾತು, ಹಾರಿ ಬರುವ ಶರಟು, ಬಾಗಿದ ನನ್ನ ತಲೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

"ಅಷ್ಟೇನಾ ಅಮ್ಮ? ತಲೆ ಬಗ್ಗಿಸಿ ನಿಂತಿದ್ದು?" ಎಂದಳು ರಕ್ಷಿತಾ. ಅವಳ ಮಾತಿನಲ್ಲಿ ಬೇಸರವಿತ್ತು.

ಅವತ್ತು ನಾನು ಟೀವಿ ಆರಿಸಿ ಅವಳಿಗೆ ಎಲ್ಲವನ್ನೂ ಹೇಳಿದೆ. ಟೀವಿಯಲ್ಲಿ ಬಾರದ ಮಾತನ್ನು ಹೇಳಿದೆ. ಅದು ಯಾರಿಗಾಗಿ ಬಂದ ಮಾತು ಎಂಬುದನ್ನೂ ಹೇಳಿದೆ. ಅವಳು ಬಿದ್ದ ದಿನ ನಾನು ರಜೆ ಕೇಳಿದ್ದನ್ನು, ನನ್ನ ಮುಖದ ಮೇಲೆ ಶರಟು ಬಿದ್ದದ್ದನ್ನು ಮೊದಲ ಸಲ ಹೇಳಿದೆ.

"ಅವತ್ತೇ ಯಾಕ್ ಹೇಳ್ಲಿಲ್ಲ?" ಎಂದಳು.

"ಅವಮಾನ ಕಣೆ. ಮಗಳ ಹತ್ರ ಹೇಗ್ ಹೇಳೋದು?"

ಅವಳು ಎದ್ದು ಬಂದು, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆ ನನ್ನ ತೊಡೆಯ ಮೇಲೆ ತಲೆ ಇಟ್ಟು, "ನಿಂಗೆ ನಾನ್ ಮುಖ್ಯ ಅಲ್ವೇನೋ ಅನ್ಕೊಂಡಿದ್ದೆ" ಎಂದಳು. ಇಷ್ಟು ದಿನ ಅವಳಿಗೆ ಕೋಪ ಇತ್ತು ಎಂದುಕೊಂಡಿದ್ದೆ. ಅವಳಿಗೆ ಇದ್ದದ್ದು ಭಯ.

ಆ ನಟಿಯನ್ನು ನಾನು ಮತ್ತೆ ಭೇಟಿಯಾಗಲಿಲ್ಲ, ಅವರ ನಂಬರೂ ನನ್ನ ಹತ್ತಿರ ಇಲ್ಲ. ಧಾರಾವಾಹಿಯೂ ಮುಗಿಯಿತು. ಈಗ ಅವರಿಗೆ ಕೆಲಸ ಇದೆಯೋ ಇಲ್ಲವೋ ತಿಳಿಯದು. ಇದ್ದರೆ ಎಲ್ಲೋ ಒಂದು ಸೆಟ್ಟಿನಲ್ಲಿ ಯಾರನ್ನೋ ಗೋಳು ಹುಯ್ದುಕೊಳ್ಳುತ್ತಾ ಜನರಿಂದ ಬೈಸಿಕೊಳ್ಳುತ್ತಿರಲಿ ಎಂದು ಹಾರೈಸುತ್ತೇನೆ. ನನಗಾಗಿ ಅವರು ಹೇಳಿದ್ದು ಸುಳ್ಳು. ಆ ಸುಳ್ಳಿನ ಆಸರೆಯಿಂದಲೇ ನಾನು ನನ್ನ ಮಗಳಿಗೆ ನಿಜ ಹೇಳುವ ಹಾಗಾಯಿತು. ಅದನ್ನು ಅವರಿಗೆ ತಿಳಿಸಲು ನನಗೆ ಬೇರೆ ದಾರಿ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.