ಅರವಂಕಾಡಿಗೆ ಬಂದ ವಾಸನೆ

ಈ ಕತೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಟೀ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದೆ. ದೆವ್ವ ಕಂಡಿತು, ಸತ್ತವರು ಕನಸಿನಲ್ಲಿ ಬಂದು ಕರೆದರು ಅನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ನಗು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ನಿಜ. ಆದರೆ ದುಡಿದು ತಿಂದವನು, ಕೈಯಲ್ಲಿ ಹಿಡಿದು ನೋಡಿದ್ದನ್ನು ಮಾತ್ರ ಒಪ್ಪುವವನು. ಆ ಒಂದು ಬೆಳಗಿನ ವಿಷಯ ಮಾತ್ರ ನನ್ನ ಕೈಗೆ ಸಿಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ಊಟಿ ಬೆಟ್ಟದ ನಡುವಟ್ಟಂ ಹತ್ತಿರದ ನಮ್ಮ ಹಟ್ಟಿಗೆ ಕುಡಿಯುವ ನೀರು ಬರುವುದು ಮೇಲಿನ ಹಳ್ಳದಿಂದ. ಪೈಪಿನಲ್ಲಿ ಇಳಿದು ತೊಟ್ಟಿ ತುಂಬುತ್ತದೆ, ವಾಲ್ವ್ ತಿರುಗಿಸಿದರೆ ಬೀದಿ ನಲ್ಲಿಗಳಿಗೆ ಬರುತ್ತದೆ. ಆ ವಾಲ್ವ್ ತಿರುಗಿಸುವುದು ನನ್ನ ಕೆಲಸ. ಹಳ್ಳ ಕೆರೆಗಳ ನೀರನ್ನು ಆಗಾಗ ಪರೀಕ್ಷೆ ಮಾಡಿಸುವ ಯೋಜನೆಯನ್ನು ಸರ್ಕಾರ ತಂದಾಗ, ನೀರು ಬಿಡುವವನೇ ಪರೀಕ್ಷೆಯನ್ನೂ ಮಾಡಲಿ ಅಂತ ಊಟಿಯಲ್ಲಿ ಎರಡು ದಿನ ಕಲಿಸಿ ಒಂದು ಪೆಟ್ಟಿಗೆ ಕೊಟ್ಟರು. ನೀರಿಗೆ ಹನಿ ಹಾಕಿ ಬಣ್ಣ ತಿರುಗುವುದನ್ನು ನೋಡಬೇಕು. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿ ಲ್ಯಾಬಿಗೆ ಕಳಿಸಬೇಕು. ಬಣ್ಣ, ಕಲಕು, ವಾಸನೆ ಅಂತ ಒಂದು ಹಾಳೆಯಲ್ಲಿ ಬರೆಯಬೇಕು. ಲ್ಯಾಬಿನ ಮೇಡಂ ಒಮ್ಮೆ ನನ್ನ ಹಾಳೆಯನ್ನು ಡಿಗ್ರಿ ಓದಿದವರಿಗೆ ತೋರಿಸಿ, ಹೀಗೆ ಬರೆಯಬೇಕು ಅಂದಿದ್ದರು. ಅದನ್ನು ನಾನು ಹಟ್ಟಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ಗೊತ್ತಿಲ್ಲ.

ಆದರೆ ಆ ಹಾಳೆಯಲ್ಲಿ ಒಂದು ಕಳ್ಳತನ ಇತ್ತು. ಕೊರೋನಾ ಬಂದು ಹೋದ ಮೇಲೆ ಎಲ್ಲರ ಮೂಗೂ ಸರಿಹೋಯಿತು, ನನ್ನದು ಸರಿಹೋಗಲಿಲ್ಲ. ಬೆಳ್ಳುಳ್ಳಿ ಒಗ್ಗರಣೆ, ಸೀಮೆಎಣ್ಣೆ, ಟೀ ಫ್ಯಾಕ್ಟರಿಯಲ್ಲಿ ಬಾಡಿಸಿದ ಎಲೆ, ಯಾವುದೂ ಗೊತ್ತಾಗುವುದಿಲ್ಲ. ಹೇಳಿಬಿಡಬಹುದಿತ್ತು. ಕೆಲಸ ಹೋದೀತು ಅನ್ನುವ ಭಯಕ್ಕಿಂತ ಹೆಚ್ಚಾಗಿ, ಕೈಲಾಗದವನು ಅನ್ನಿಸಿಕೊಳ್ಳುವುದು ನನಗೆ ಆಗದ ಮಾತು. ಗೊತ್ತಿದ್ದದ್ದು ನನ್ನ ಹೆಂಡತಿ ಸರಸು ಒಬ್ಬಳಿಗೇ. ಎಲೆ ಕೀಳಲು ಹೋಗುವ ಮೊದಲು ಅವಳು ನನಗೆ ಟೀ ತರುವವಳ ಹಾಗೆ ತೊಟ್ಟಿಯ ಹತ್ತಿರ ಬರುತ್ತಿದ್ದಳು. ಲೋಟದಲ್ಲಿ ನೀರು ಹಿಡಿದು ಮೂಸಿ, "ನೀರು ನೀರಾಗಿದೆ, ಬರೀರಿ" ಅನ್ನುತ್ತಿದ್ದಳು. ನಾನು ವಾಸನೆ ಇಲ್ಲ ಅಂತ ಬರೆಯುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನವೂ ಅವಳು ಅದನ್ನು ಎತ್ತಿ ಆಡಲಿಲ್ಲ.

ಆಮೇಲೆ, ಊಟಿಯ ಆಚೆ ಎರಡು ಬಸ್ಸು ಹಿಡಿದು ಹೋಗಬೇಕಾದ ಅರವಂಕಾಡಿನಲ್ಲಿರುವ ನಮ್ಮ ಮಗಳು ಸುಮತಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅಂತ ಸರಸು ಅಲ್ಲಿಗೆ ಹೋದಳು. ಅವಳಿಲ್ಲದ ವಾರಗಳಲ್ಲಿ ನಾನು ಮೂಸದೆಯೇ 'ಇಲ್ಲ' ಅಂತ ಬರೆದೆ. ಮುಚ್ಚಿಡುವುದಕ್ಕೆ ಏನೂ ಇಲ್ಲ, ಬರೆದೆ.

ಹಾಗಿರುವಾಗ ಕಾಡೆಮ್ಮೆಗಳು ಪೈಪ್ ತುಳಿದು ಮುರಿದವು. ಎರಡು ದಿನ ಹಟ್ಟಿಗೆ ನೀರಿಲ್ಲ. ಎರಡನೇ ದಿನ ಸಂಜೆ ನಾನು ಪೈಪ್ ಜೋಡಿಸಿದೆ, ಬೆಳಗಾಗುವಾಗ ತೊಟ್ಟಿ ತುಂಬಿತ್ತು. ಮಂಜು ಎಷ್ಟಿತ್ತೆಂದರೆ ಕೆಳಗೆ ನಲ್ಲಿಯ ಹತ್ತಿರ ನಿಂತ ಜನ ಕಾಣುತ್ತಿರಲಿಲ್ಲ, ಕೊಡಗಳ ಸದ್ದು ಮಾತ್ರ ಕೇಳುತ್ತಿತ್ತು. ಪಕ್ಕದ ಮನೆಯ ಬೆಳ್ಳಣ್ಣ ತಡೆಯಲಾರದೆ ಮೇಲಕ್ಕೇ ಹತ್ತಿ ಬಂದ.

ಹನಿ ಹಾಕಿ ನೋಡಿದೆ. ಬಣ್ಣಗಳೆಲ್ಲ ಸರಿಯಾಗಿದ್ದವು. ವಾಸನೆ 'ಇಲ್ಲ' ಅಂತ ಬರೆದು ವಾಲ್ವಿನ ಮೇಲೆ ಕೈ ಇಟ್ಟೆ. ಫೋನ್ ಬಂತು. ಸರಸು. ಅದು ಮಗುವಿಗೆ ನೀರು ಹಾಕುವ ಹೊತ್ತು, ಆಗ ಅವಳು ಯಾವತ್ತೂ ಫೋನ್ ಮಾಡಿದವಳಲ್ಲ.

"ಸುಮತಿಯಪ್ಪಾ, ನೀರು ಬಿಟ್ರಾ?"

"ಇನ್ನೂ ಇಲ್ಲ. ಮಗು ಹೇಗಿದೆ?"

"ಮಗು ಚೆನ್ನಾಗಿದೆ. ನೀರು ಬಿಡಬೇಡಿ. ಔಷಧಿ ವಾಸನೆ ಇದೆ, ಟೀ ಗಿಡಕ್ಕೆ ಹೊಡೀತಾರಲ್ಲ, ಅದು."

"ಯಾವ ನೀರಲ್ಲೇ?"

"ನಮ್ಮ ತೊಟ್ಟಿ ನೀರಲ್ಲಿ."

"ಅರವಂಕಾಡಲ್ಲಿ ಕೂತ್ಕೊಂಡು ನಮ್ಮ ತೊಟ್ಟಿ ಮೂಸ್ತೀಯಾ? ನಿದ್ದೆಗೆಟ್ಟು ತಲೆ ಕೆಟ್ಟಿದೆ ನಿನಗೆ."

"ಬೈಯೋದಾದ್ರೆ ಆಮೇಲೆ ಬೈಯಿರಿ. ಈಗ ಯಾರ ಹತ್ರನಾದ್ರೂ ಮೂಸಿಸಿ."

ಬೆಳ್ಳಣ್ಣ ನಕ್ಕ. "ಏನಪ್ಪಾ ಆಫೀಸರೇ, ನೀರು ಬಿಡೋಕೂ ಹೆಂಡ್ತಿ ಪರ್ಮಿಷನ್ ಬೇಕಾ?"

ಒಂದು ಲೋಟ ನೀರನ್ನು ಇನ್ನೊಬ್ಬರ ಮೂಗಿಗೆ ಹಿಡಿಯುವುದು ಎಷ್ಟು ಹೊತ್ತಿನ ಕೆಲಸ? ಆದರೆ ಹಿಡಿದರೆ ನನ್ನ ಗುಟ್ಟು ಹೋಯಿತು. ಹಿಡಿಯದೆ ವಾಲ್ವ್ ತಿರುಗಿಸಿದರೆ, ಕೆಳಗೆ ಕಾಯುತ್ತಿರುವವರು ಮೊದಲ ಕೊಡದಿಂದಲೇ ಕುಡಿಯುತ್ತಾರೆ. ಎರಡು ದಿನದ ಬಾಯಾರಿಕೆ. ಸರಸು ಹೇಳಿದ್ದನ್ನು ನಂಬಿದೆ ಅಂತ ಹೇಳಲಾರೆ. ಆದರೆ ನನ್ನ ಕೈ ತಿರುಗಲಿಲ್ಲ.

"ಬೆಳ್ಳಣ್ಣ, ಇದನ್ನ ಸ್ವಲ್ಪ ಮೂಸಿ ನೋಡು."

"ಯಾಕೆ, ನಿನ್ನ ಮೂಗೇನು ಊಟಿಗೆ ಹೋಗಿದೆಯಾ?"

"ನನಗೆ ವಾಸನೆ ಗೊತ್ತಾಗಲ್ಲಣ್ಣ. ಎರಡು ವರ್ಷ ಆಯ್ತು."

ಅವನ ನಗು ನಿಂತಿತು. ಲೋಟ ತೆಗೆದುಕೊಂಡು ಮೂಸಿದ. ನನ್ನ ಮುಖ ನೋಡಿ ಮತ್ತೊಮ್ಮೆ ಮೂಸಿದ. ನೀರನ್ನು ನೆಲಕ್ಕೆ ಚೆಲ್ಲಿದ.

"ಸಣ್ಣಗೆ ಏನೋ ಇದೆ. ನೀನು ಮೂಸು ಅನ್ನದಿದ್ರೆ ನಾನು ಗಟಗಟ ಕುಡೀತಿದ್ದೆ" ಅಂದ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಲ್ಯಾಬಿಗೆ ಹೋದ ಬಾಟಲಿಯಲ್ಲಿ ಔಷಧಿ ಇರುವುದು ಖಚಿತವಾಯಿತು. ನಾನು ಪೈಪ್ ಜೋಡಿಸಿದ ಸಂಜೆಯೇ ಮೇಲೆ ಯಾರೋ ಔಷಧಿ ಹೊಡೆಯುವ ಪಂಪನ್ನು ಹಳ್ಳದಲ್ಲಿ ತೊಳೆದಿದ್ದರು. ನನ್ನ ಪೆಟ್ಟಿಗೆಯ ಹನಿಗಳಿಗೆ ಅದು ಸಿಗುವಂಥದ್ದಲ್ಲ. ತೊಟ್ಟಿ ಖಾಲಿ ಮಾಡಿ ತೊಳೆದೆವು, ಒಂದು ವಾರ ಲಾರಿಯಲ್ಲಿ ನೀರು ಬಂತು. ಮೇಡಂಗೆ ನಾನೇ ಎಲ್ಲ ಒಪ್ಪಿಸಿದೆ. ತಮಿಳಿನಲ್ಲಿ ಚೆನ್ನಾಗಿ ಬೈದರು, ಆದರೆ ಕೆಲಸ ತೆಗೆಯಲಿಲ್ಲ. ಈಗ ಬೆಳ್ಳಣ್ಣನ ಸೊಸೆ ಮೂಸುತ್ತಾಳೆ, ನಾನು ಹನಿ ಹಾಕುತ್ತೇನೆ, ಹಾಳೆಯಲ್ಲಿ ಇಬ್ಬರ ಸಹಿ ಇರುತ್ತದೆ. ಅನುಮಾನ ಬಂದದ್ದು ಹೇಗೆ ಅಂತ ಮೇಡಂ ಕೇಳಿದಾಗ ಇದ್ದದ್ದನ್ನೇ ಹೇಳಿದೆ. ಪೆನ್ನು ಕೆಳಗಿಟ್ಟು, "ಅದನ್ನ ರಿಪೋರ್ಟಲ್ಲಿ ಬರೆಯೋಕಾಗಲ್ಲಣ್ಣ" ಅಂದರು.

ಅರವಂಕಾಡಿನಲ್ಲೇ ಸುಮತಿಯ ಮನೆಯ ಅಕ್ಕಪಕ್ಕದಲ್ಲಿ ಯಾರೋ ತಿಗಣೆಗೆ ಔಷಧಿ ಹೊಡೆದಿರಬೇಕು ಅಂದುಕೊಂಡೆ. ಯಾರೂ ಹೊಡೆದಿಲ್ಲ, ಕೂಸಿಗೆ ಚಳಿಯಾಗುತ್ತೆ ಅಂತ ಕಿಟಕಿಯನ್ನೇ ತೆರೆದಿರಲಿಲ್ಲ ಅಂದಳು ಸುಮತಿ. ಅದೇ ಕೋಣೆಯಲ್ಲಿದ್ದ ಅವಳಿಗೆ ಯಾವ ವಾಸನೆಯೂ ಬಂದಿರಲಿಲ್ಲ.

ಬಾಣಂತನ ಮುಗಿಸಿ ಸರಸು ಮನೆಗೆ ಬಂದ ದಿನ, ಒಲೆಯ ಮುಂದೆ ಕೂತಾಗ ಕೇಳಿದೆ. "ಔಷಧಿ ವಾಸನೆ ಬಂತು ಸರಿ. ಅದು ನಮ್ಮ ತೊಟ್ಟಿದೇ ಅಂತ ಹೇಗೆ ಗೊತ್ತಾಯ್ತು?"

ಅವಳು ಸೌದೆ ಮುಂದಕ್ಕೆ ತಳ್ಳಿದಳು. "ಔಷಧಿ ಒಂದೇ ಆಗಿದ್ರೆ ನಾನೂ ಸುಮ್ಮನಿರ್ತಿದ್ದೆ. ಅದರ ಜೊತೆಗೆ ನಿಮ್ಮ ಸ್ವೆಟರ್ ವಾಸನೆ ಬಂತು. ನೀವು ಪಕ್ಕದಲ್ಲೇ ಲೋಟ ಹಿಡ್ಕೊಂಡು ನಿಂತ ಹಾಗೆ."

ತೊಟ್ಟಿದ್ದ ಸ್ವೆಟರಿನ ತೋಳನ್ನು ಮೂಗಿಗೆ ಹಿಡಿದೆ, ಏನೂ ಗೊತ್ತಾಗಲಿಲ್ಲ. "ಹೇಗಿರುತ್ತೆ ಅದು, ನನ್ನ ಸ್ವೆಟರ್ ವಾಸನೆ?" ಅಂತ ಕೇಳಿದೆ.

"ಹೇಗಿರುತ್ತೆ ಅಂದ್ರೆ? ನಿಮ್ಮ ಹಾಗಿರುತ್ತೆ" ಅಂದು ಅನ್ನ ಬಡಿಸಿದಳು.